ಏಳು ದಿನ, ನೂರೆಂಟು ಮೈಲಿ

ಲ್ಯಾಬಿನಲ್ಲಿ ಬಾಸ್ ಹತ್ತಿರ ರಜೆ ಕೇಳುವುದು ಸುಲಭ. ಜೀವಕೋಶಗಳ ಹತ್ತಿರ ಕೇಳುವುದೇ ಕಷ್ಟ. ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿಯಲ್ಲಿ ಬೆಚ್ಚಗೆ ಕೂತಿರುವ ಅವಕ್ಕೆ ಎರಡು ಮೂರು ದಿನಕ್ಕೊಮ್ಮೆ ಊಟ ಬದಲಾಯಿಸಬೇಕು. ಭಾನುವಾರ, ಹಬ್ಬ ಅಂತೆಲ್ಲ ಅವಕ್ಕೆ ಗೊತ್ತಿಲ್ಲ. ಪಕ್ಕದ ಬೆಂಚಿನ ಹುಡುಗನಿಗೆ ಒಂದು ಡಬ್ಬ ಬಿಸ್ಕತ್ತಿನ ಲಂಚ ಕೊಟ್ಟೆ. ಯಾವ ತಟ್ಟೆಗೆ ಯಾವತ್ತು ಏನು ಹಾಕಬೇಕು ಅಂತ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮೇ ತಿಂಗಳ ಕೊನೆಯ ಒಂದು ಶನಿವಾರ ಸಂಜೆ ಮ್ಯಾಂಚೆಸ್ಟರಿನಿಂದ ಈಡೇಲ್‌ಗೆ ಹೋಗುವ ರೈಲು ಹತ್ತಿದೆ.

ಇದಕ್ಕೆಲ್ಲ ಕಾರಣ ಜಾಸ್ಮಿನ್ ಪ್ಯಾರಿಸ್. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡುವ ವೈದ್ಯೆ. ಪಿಎಚ್‌ಡಿ ಮಾಡಿದ್ದು ರಕ್ತದ ಕ್ಯಾನ್ಸರಿನ ಮೇಲೆ. 2019ರ ಜನವರಿಯಲ್ಲಿ, ಆ ಪ್ರಬಂಧ ಬರೆಯುವ ಗಡಿಬಿಡಿಯ ನಡುವೆಯೇ, ಮನೆಯಲ್ಲಿ 14 ತಿಂಗಳ ಮಗಳನ್ನು ಬಿಟ್ಟು ಬಂದು ಸ್ಪೈನ್ ರೇಸ್ ಓಡಿದರು. ಇಂಗ್ಲೆಂಡಿನ ಬೆನ್ನುಮೂಳೆ ಅಂತ ಕರೆಯುವ ಪೆನೈನ್ ಬೆಟ್ಟಸಾಲಿನ ಮೇಲೆ, ಈಡೇಲ್‌ನಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟಮ್‌ವರೆಗೆ 268 ಮೈಲಿ. ಅಂದರೆ 431 ಕಿಲೋಮೀಟರ್. ಅವರು ತೆಗೆದುಕೊಂಡದ್ದು 83 ಗಂಟೆ 12 ನಿಮಿಷ 23 ಸೆಕೆಂಡ್. ಗಂಡಸರೂ ಸೇರಿದಂತೆ ಎಲ್ಲರಿಗಿಂತ ಮೊದಲು ಮುಟ್ಟಿದರು. ಅಲ್ಲಿಯವರೆಗಿನ ದಾಖಲೆ ಇಯೋನ್ ಕೀತ್ ಅವರದ್ದು, 95 ಗಂಟೆ 17 ನಿಮಿಷ. ಒಂದೇ ಸಲಕ್ಕೆ 12 ಗಂಟೆ ಕತ್ತರಿಸಿ ಹಾಕಿದ್ದರು. ದಾರಿಯ ಚೆಕ್‌ಪಾಯಿಂಟುಗಳಲ್ಲಿ ಎದೆಹಾಲು ಹಿಂಡಿಕೊಂಡು ಮತ್ತೆ ಕತ್ತಲಿಗೆ ಇಳಿಯುತ್ತಿದ್ದರು.

ನಾನೂ ಓಡುವವಳೇ. ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಹೆಂಗಸರ ಓಟದ ಗುಂಪೊಂದನ್ನು ನಡೆಸುತ್ತೇನೆ. ಮೂರು ಜನರಿಂದ ಶುರುವಾದದ್ದು, ಈಗ ಒಳ್ಳೆಯ ದಿನ ಇಪ್ಪತ್ತು ಜನ ಬರುತ್ತಾರೆ, ಮಳೆ ಬಂದರೆ ನಾಲ್ಕು. ಜಾಸ್ಮಿನ್ ಕಥೆಯನ್ನು ಅಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಒಬ್ಬಾಕೆ ಲೇಸ್ ಕಟ್ಟುತ್ತಾ, "ಅವರನ್ನು ಬಿಡಿ, ಅವರು ಬೇರೆ ಜಾತಿಯ ಪ್ರಾಣಿ" ಅಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು. ಆ ದಾರಿಯಲ್ಲಿ ಒಂದು ಮೈಲಿಯನ್ನೂ ನಡೆಯದೆ ನಾನು ಆ ಕಥೆ ಹೇಳುತ್ತಿದ್ದೆ ತಾನೆ.

ಸ್ಪೈನ್ ರೇಸಿಗೆ ಕೊಡುವ ಒಟ್ಟು ಸಮಯ 168 ಗಂಟೆ, ಅಂದರೆ ಪೂರ್ತಿ ಏಳು ದಿನ. ಅದೇ ಏಳು ದಿನದಲ್ಲಿ ನಾನು ನಡೆದು ಎಲ್ಲಿಯವರೆಗೆ ಹೋಗಬಹುದು ಅಂತ ಲೆಕ್ಕ ಹಾಕಿದೆ. ಹಾಸ್ ಅನ್ನುವ ಊರು ಬಂತು. 108 ಮೈಲಿ. ನೂರೆಂಟು ನೆಪ ಹೇಳಿಕೊಂಡು ಇಷ್ಟು ವರ್ಷ ಹೋಗದವಳಿಗೆ ಸರಿಯಾದ ಸಂಖ್ಯೆ.

ಮೊದಲ ದಿನ, ಭಾನುವಾರ: ಈಡೇಲ್‌ನಿಂದ ಕ್ರೌಡನ್

ಓಟ ಶುರುವಾಗುವುದು ಭಾನುವಾರ ಬೆಳಿಗ್ಗೆ 8ಕ್ಕೆ. ನಾನೂ ಹಟಕ್ಕೆ ಬಿದ್ದು 8ಕ್ಕೇ ಓಲ್ಡ್ ನ್ಯಾಗ್ಸ್ ಹೆಡ್ ಪಬ್ಬಿನ ಎದುರು ನಿಂತು ಗಡಿಯಾರ ಒತ್ತಿದೆ. ನೋಡಲು ಒಂದು ನಾಯಿ ಇತ್ತು, ಅಷ್ಟೇ.

ಪೆನೈನ್ ವೇ ಅನ್ನುವ ಈ ಕಾಲುದಾರಿಯ ಹಿಂದೆ ದೊಡ್ಡ ಜಗಳವಿದೆ. ಕಿಂಡರ್ ಸ್ಕೌಟ್ ಬೆಟ್ಟವನ್ನು ಹಿಂದೆ ಜಮೀನುದಾರರು ಹಕ್ಕಿ ಬೇಟೆಗೆಂದು ಕಾವಲು ಹಾಕಿ ಇಟ್ಟುಕೊಂಡಿದ್ದರು. 1932ರ ಏಪ್ರಿಲ್ 24ರಂದು ಸುತ್ತಲಿನ ಊರುಗಳ ಕೆಲಸಗಾರ ಹುಡುಗ ಹುಡುಗಿಯರು ಗುಂಪಾಗಿ ಬೇಲಿ ದಾಟಿ ನುಗ್ಗಿದರು. ಐವರು ಜೈಲಿಗೂ ಹೋದರು. 1935ರಲ್ಲಿ ಟಾಮ್ ಸ್ಟೀಫನ್‌ಸನ್ ಅನ್ನುವ ಪತ್ರಕರ್ತ, ಇಂಗ್ಲೆಂಡಿಗೂ ಒಂದು ಉದ್ದನೆಯ ಹಸಿರು ದಾರಿ ಬೇಕು ಅಂತ ಪತ್ರಿಕೆಯಲ್ಲಿ ಬರೆದರು. ದಾರಿ ಅಧಿಕೃತವಾಗಿ ತೆರೆದದ್ದು 1965ರಲ್ಲಿ, ಅದೇ ಏಪ್ರಿಲ್ 24ರಂದು. ಒಂದು ಲೇಖನ ನೆಲಕ್ಕೆ ಇಳಿಯಲು 30 ವರ್ಷ. ನಮ್ಮ ಲ್ಯಾಬಿನ ಪೇಪರುಗಳ ಬಗ್ಗೆ ಇನ್ನು ಗೊಣಗುವುದಿಲ್ಲ.

ಜೇಕಬ್ಸ್ ಲ್ಯಾಡರ್ ಅನ್ನುವ ಕಲ್ಲುಮೆಟ್ಟಿಲು ಹತ್ತಿ ಮೇಲೆ ಬಂದರೆ ಗಾಳಿ. ಕಿಂಡರ್ ಡೌನ್‌ಫಾಲ್ ಹತ್ತಿರ ಜಲಪಾತ ಕೆಳಗೆ ಬೀಳುವ ಬದಲು ಗಾಳಿಗೆ ಸಿಕ್ಕಿ ಮೇಲಕ್ಕೆ ಹಾರುತ್ತಿತ್ತು. ಹತ್ತು ನಿಮಿಷ ನಿಂತು ನೋಡಿದ್ದಕ್ಕೆ ಮುಖ ಪೂರ್ತಿ ತೊಳೆದು ಕೊಟ್ಟಿತು.

ಸ್ನೇಕ್ ಪಾಸ್ ರಸ್ತೆ ದಾಟಿದ ಮೇಲೆ ಬ್ಲೀಕ್ಲೋ. ಇಲ್ಲಿ ನೆಲವೆಂದರೆ ಪೀಟ್. ಸಾವಿರಾರು ವರ್ಷ ಕೊಳೆಯದೆ ಕೂತ ಗಿಡಗಳ ಕಪ್ಪು ಮುದ್ದೆ. ಮಂಜು ಇಳಿಯಿತು, ನಾನು ದಾರಿ ತಪ್ಪಿದೆ. ಮೊಣಕಾಲಿನವರೆಗೆ ಒಂದು ಕಾಲು ಒಳಗೆ ಹೋಯಿತು. ಎಳೆದುಕೊಂಡಾಗ ಶೂ ಬಂತು ಅನ್ನುವುದೇ ಪುಣ್ಯ. ಅಲ್ಲೇ ಕೂತು ಕೈಗೆ ಸಿಕ್ಕ ಸ್ಫ್ಯಾಗ್ನಮ್ ಪಾಚಿಯ ಒಂದು ಹಿಡಿ ಕಿತ್ತು ಹಿಂಡಿದೆ. ಸ್ಪಂಜಿನ ಹಾಗೆ ನೀರು ಸುರಿಯಿತು, ಸುರಿಯುತ್ತಲೇ ಇತ್ತು. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದಿಡುವ ಗಿಡ ಇದು. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲು ಇದನ್ನೇ ಬಳಸಿದ್ದರು. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳ ಹೊಗೆ, ಗಂಧಕ ಎಲ್ಲ ಸೇರಿ ಈ ಬೆಟ್ಟಗಳ ಪಾಚಿಯನ್ನು ಸಾಯಿಸಿತ್ತು. ಈಗ ಜನ ಹಿಡಿ ಹಿಡಿಯಾಗಿ ಮತ್ತೆ ನೆಡುತ್ತಿದ್ದಾರೆ. ನಾನು ಕಿತ್ತದ್ದನ್ನು ವಾಪಸ್ಸು ಅದೇ ಗುಂಡಿಗೆ ಒತ್ತಿ ಇಟ್ಟೆ.

ಬೆಟ್ಟ ಇಳಿಯುವಾಗ ಎಡಗಡೆ ಕಣಿವೆಯ ಕೆಳಗೆ ಹ್ಯಾಡ್‌ಫೀಲ್ಡ್ ಊರಿದೆ. ಜಾಸ್ಮಿನ್ ಬೆಳೆದದ್ದು ಅಲ್ಲೇ. ಈ ಬೆಟ್ಟದ ಬುಡದಲ್ಲಿ ಬೆಳೆದೂ ಅವರು ಬೆಟ್ಟದೋಟಕ್ಕೆ ಇಳಿದದ್ದು ವಿಶ್ವವಿದ್ಯಾಲಯ ಮುಗಿದ ಮೇಲೆ. ಚಿಕ್ಕಂದಿನಿಂದ ತರಬೇತಿ ಆಗಿದ್ದರೆ ಮಾತ್ರ ಸಾಧ್ಯ ಅನ್ನುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಕ್ರೌಡನ್‌ನಲ್ಲಿ ಟೆಂಟ್ ಹಾಕುವಾಗ ಸಂಜೆ 6:30. ಹದಿನಾರು ಮೈಲಿಗೆ ಹತ್ತೂವರೆ ಗಂಟೆ. ಇನ್ನೂ ಹಗಲು ಇತ್ತು, ಒಂಬತ್ತರವರೆಗೂ ಇತ್ತು. ಜನವರಿಯಲ್ಲಿ ಇಲ್ಲಿ ಬೆಳಕು ಎಂಟು ಗಂಟೆ ಮಾತ್ರ. ಮಿಕ್ಕ ಹದಿನಾರು ಗಂಟೆ ತಲೆಗೆ ಕಟ್ಟಿದ ದೀಪವೇ ಗತಿ. ಹಾಡುಹಗಲಲ್ಲಿ ದಾರಿ ತಪ್ಪಿದವಳು ನಾನು.

ಎರಡನೇ ದಿನ: ಸ್ಟಾನೆಡ್ಜ್

ಬೆಳಿಗ್ಗೆ ಟೆಂಟಿನಲ್ಲೇ ಗೊತ್ತಾಯಿತು, ಮುಟ್ಟು ಬಂದಿದೆ. ನಾಲ್ಕು ದಿನ ಮುಂಚೆಯೇ. ನಡೆದು ಸುಸ್ತಾಗಿಯೋ, ಸುಮ್ನೆ ನನ್ನ ಹಣೆಬರಹವೋ. ನಮ್ಮ ಗುಂಪಿಗೆ ನಾನೇ ಮಾಡಿಸಿರುವ ನಿಯಮ ಒಂದಿದೆ, ಯಾವಾಗಲೂ ಚೀಲದಲ್ಲಿ ಒಂದು ಸಣ್ಣ ಪೊಟ್ಟಣ ಇರಬೇಕು ಅಂತ. ಅದರಲ್ಲಿ ನಾಲ್ಕು ಪ್ಯಾಡ್, ನೋವಿನ ಮಾತ್ರೆ, ಎರಡು ಪ್ಲಾಸ್ಟಿಕ್ ಚೀಲ. ನಿಯಮ ಮಾಡಿದವಳಿಗೇ ಉಪಯೋಗಕ್ಕೆ ಬಂತು.

ಪ್ಯಾಡ್ ಇದ್ದರೆ ಮುಗಿಯಿತೇ? ಬದಲಾಯಿಸುವುದು ಎಲ್ಲಿ? ಬ್ಲ್ಯಾಕ್ ಹಿಲ್ ಮೇಲೆ ಮರವಿಲ್ಲ, ಬಂಡೆಯಿಲ್ಲ, ಮೈಲಿಗಟ್ಟಲೆ ಬೋಳು. ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆನ್ನುಚೀಲವನ್ನೇ ಗೋಡೆ ಮಾಡಿಕೊಂಡೆ. ಬಳಸಿದ್ದನ್ನು ಚೀಲದಲ್ಲಿ ಕಟ್ಟಿ ಹೊತ್ತುಕೊಂಡೆ. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಮುದುಕ ನಾಯಿಯ ಜೊತೆ ಪ್ರತ್ಯಕ್ಷನಾಗಿ, "ಒಳ್ಳೆಯ ಬೆಳಗು!" ಅಂದ. ಹೌದು ಸ್ವಾಮಿ, ಬಹಳ ಒಳ್ಳೆಯ ಬೆಳಗು.

ಶನಿವಾರದ ಗುಂಪಿಗೆ ಬಾರದವರನ್ನು ನಾನು ಬೇಕಂತಲೇ ಕೇಳಿ ನೋಡಿದ್ದೇನೆ. ಕಾಲು ನೋವು ಅನ್ನುವವರು ಕಡಿಮೆ. ಪಾರ್ಕಿನ ಶೌಚಾಲಯ ಒಂಬತ್ತಕ್ಕೆ ತೆರೆಯುತ್ತದೆ ಅನ್ನುವವರು ಜಾಸ್ತಿ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವವರು ಅದಕ್ಕಿಂತ ಜಾಸ್ತಿ. ಓಟದ ಬಗ್ಗೆ ಬರೆಯುವವರು ಯಾಕೋ ಶ್ವಾಸಕೋಶದಿಂದಲೇ ಶುರು ಮಾಡುತ್ತಾರೆ.

ಬ್ಲ್ಯಾಕ್ ಹಿಲ್ ಒಂದು ಕಾಲದಲ್ಲಿ ಜನ ಸೊಂಟದವರೆಗೆ ಹೂತುಹೋಗುತ್ತಿದ್ದ ಕೆಸರು. ಈಗ ಮೇಲೆ ಚಪ್ಪಡಿ ಹಾಸಿದ್ದಾರೆ. ಪಾಳುಬಿದ್ದ ಹತ್ತಿ ಗಿರಣಿಗಳ ನೆಲದಿಂದ ಎಬ್ಬಿಸಿ ತಂದ ಕಲ್ಲುಗಳು. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ತೂತುಗಳಿವೆ, ಯಂತ್ರಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದ ಜಾಗ. ಒಂದು ತೂತಿನಲ್ಲಿ ಮಳೆನೀರು ನಿಂತು ಅದರೊಳಗೆ ಪುಟ್ಟ ಹುಳ ಈಜುತ್ತಿತ್ತು. ಅದರ ಪಕ್ಕದ ಕಲ್ಲು ಒಂದು ಕಡೆ ನುಣ್ಣಗೆ ಸವೆದು ತಗ್ಗಾಗಿತ್ತು. ಈ ಸೀಮೆಯ ಗಿರಣಿಗಳಲ್ಲಿ ಮಗ್ಗದ ಮುಂದೆ ನಿಲ್ಲುತ್ತಿದ್ದವರಲ್ಲಿ ಬಹಳ ಮಂದಿ ಹೆಂಗಸರು. ದಿನಕ್ಕೆ ಹತ್ತು ಗಂಟೆ ನಿಂತೇ ಇರುವುದು. ಅದನ್ನು ಯಾರೂ ಸಹನಶಕ್ತಿಯ ಕ್ರೀಡೆ ಅಂತ ಕರೆದ ಹಾಗಿಲ್ಲ. ನಾನು ಆ ತಗ್ಗಿನಲ್ಲಿ ಕಾಲಿಟ್ಟು ನೋಡಿದೆ. ನನ್ನ ಹಿಮ್ಮಡಿಗಿಂತ ಸ್ವಲ್ಪ ಚಿಕ್ಕದು.

ಸಂಜೆ ಸ್ಟಾನೆಡ್ಜ್ ಹತ್ತಿರ ಒಂದು ಕಡೆ ರೂಮು ಹೇಳಿದ್ದೆ. ಹೋಗಿ ನೋಡಿದರೆ ನನ್ನ ಹೆಸರಲ್ಲಿ ಬುಕಿಂಗೇ ಇಲ್ಲ, ಅಡುಗೆಮನೆಯೂ ಬಂದ್. ಕೊನೆಗೆ ಸಾಮಾನು ಕೋಣೆಯಂಥ ಒಂದು ರೂಮು ಕೊಟ್ಟರು. ರಾತ್ರಿ ಊಟ ಕಡಲೆಕಾಯಿ ಬೆಣ್ಣೆ ಮತ್ತು ಒಂದು ಸೇಬು.

ಮೂರನೇ ದಿನ: ಹೆಬ್ಡೆನ್ ಬ್ರಿಜ್

ಎಂ 62 ಹೆದ್ದಾರಿಯ ಮೇಲೆ ನಡೆಯುವವರಿಗೆಂದೇ ಒಂದು ತೆಳ್ಳನೆಯ ಸೇತುವೆ ಇದೆ. ಕೆಳಗೆ ಲಾರಿಗಳು, ಮೇಲೆ ನಾನು. ಕಾಲ ಕೆಳಗೆ ಸೇತುವೆ ನಡುಗುವುದು ಗೊತ್ತಾಗುತ್ತದೆ. ಎರಡು ದಿನ ಕರ್ಲ್ಯೂ ಹಕ್ಕಿಯ ಸಿಳ್ಳೆ ಬಿಟ್ಟು ಏನೂ ಕೇಳಿರಲಿಲ್ಲ, ಈ ಗದ್ದಲಕ್ಕೆ ತಲೆ ತಿರುಗಿತು.

ಆಮೇಲೆ ಜಲಾಶಯಗಳ ಪಕ್ಕದಲ್ಲಿ ಸಪಾಟು ದಾರಿ. ಇಲ್ಲಿ ಸ್ವಲ್ಪ ಓಡಿದೆ ಕೂಡ. ಸ್ಟೂಡ್ಲಿ ಪೈಕ್ ಅನ್ನುವ ಕಪ್ಪು ಕಲ್ಲಿನ ಗೋಪುರ ಬೆಳಗಿನಿಂದ ಕಾಣುತ್ತಲೇ ಇತ್ತು, ಹತ್ತಿರ ಮಾತ್ರ ಬರುತ್ತಿರಲಿಲ್ಲ. ನೆಪೋಲಿಯನ್ ಸೋತ ನೆನಪಿಗೆ ಕಟ್ಟಿದ್ದು. ಮೊದಲನೆಯದು ಬಿದ್ದುಹೋಗಿ, ಈಗಿರುವುದನ್ನು 1856ರಲ್ಲಿ ಎಬ್ಬಿಸಿದರು. ಒಳಗೆ 39 ಮೆಟ್ಟಿಲು, ಪೂರ್ತಿ ಕತ್ತಲು, ಗೋಡೆ ತಡವಿಕೊಂಡು ಹತ್ತಬೇಕು.

ಹೆಬ್ಡೆನ್ ಬ್ರಿಜ್ ದಾಟಿ ಸ್ವಲ್ಪ ಮುಂದೆ ಕಾಡಿನೊಳಗೆ ಹೆಬ್ಡೆನ್ ಹೇ ಅನ್ನುವ ಜಾಗದಲ್ಲಿ ಓಟದ ಮೊದಲ ಚೆಕ್‌ಪಾಯಿಂಟ್ ಇರುತ್ತದೆ. ನಾನು ಮೂರು ದಿನದಲ್ಲಿ ಬಂದ ಈ ದೂರವನ್ನು ಮುಂದಿರುವ ಓಟಗಾರರು ಮೊದಲ ದಿನ ಸಂಜೆಯೇ ಮುಗಿಸುತ್ತಾರೆ. ಅಲ್ಲಿ ಅವರವರ ದೊಡ್ಡ ಚೀಲ ಕಾಯುತ್ತಿರುತ್ತದೆ. ಒಣ ಸಾಕ್ಸ್, ಬ್ಯಾಟರಿ, ತಿಂಡಿ. ಜಾಸ್ಮಿನ್ ಚೀಲದಲ್ಲಿ ಪಂಪ್ ಕೂಡ. ಅಷ್ಟೊತ್ತಿಗೆ ಮಗಳಿಗೆ ಹಾಲು ಬಿಡಿಸಬೇಕು ಅಂತ ಅವರು ಅಂದುಕೊಂಡಿದ್ದರಂತೆ. ಕ್ರಿಸ್‌ಮಸ್ ಹೊತ್ತಿಗೆ ಮಗುವಿಗೆ ಹುಷಾರು ತಪ್ಪಿತು, ಊಟ ಬಿಟ್ಟಿತು, ಹಾಲು ಮುಂದುವರಿಯಿತು. ಯಾವ ತಾಯಿಗೆ ಇದು ಗೊತ್ತಿಲ್ಲ, ಅಲ್ವಾ? ಓಟದ ತಾರೀಖು ನೋಡಿಕೊಂಡು ದೇಹ ಹಾಲು ನಿಲ್ಲಿಸುವುದಿಲ್ಲ. ತೆಗೆಯದಿದ್ದರೆ ಎದೆ ಕಲ್ಲಾಗುತ್ತದೆ, ನಾಳ ಕಟ್ಟುತ್ತದೆ, ಜ್ವರ ಬರುತ್ತದೆ.

83 ಗಂಟೆಯಲ್ಲಿ ಅವರು ನಿದ್ದೆ ಮಾಡಿದ್ದು ಸುಮಾರು ಮೂರು ಗಂಟೆ. ಕೊನೆಯ ದಿನ ಬಂಡೆಗಳೆಲ್ಲ ಪ್ರಾಣಿಗಳಾಗಿ ಕಾಣುತ್ತಿದ್ದವಂತೆ. ಒಬ್ಬ ಪಶುವೈದ್ಯೆಗೆ ಇದಕ್ಕಿಂತ ಕಷ್ಟ ಇನ್ನೇನಿದೆ.

ನಾಲ್ಕನೇ ದಿನ: ಕೌಲಿಂಗ್

ಮಳೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಳೆ. ಎಮಿಲಿ ಬ್ರಾಂಟಿಯ ‘ವುದರಿಂಗ್ ಹೈಟ್ಸ್’ ಕಾದಂಬರಿಯ ಜೊತೆ ಹೆಸರು ತಳುಕು ಹಾಕಿಕೊಂಡಿರುವ ಟಾಪ್ ವಿದೆನ್ಸ್ ಅನ್ನುವ ಪಾಳುಮನೆಯ ಹತ್ತಿರ ಜಪಾನಿ ಲಿಪಿಯ ಕೈಮರ ಇತ್ತು. ಅಷ್ಟು ದೂರದಿಂದ ಇಲ್ಲಿಗೆ ಜನ ಬರುತ್ತಾರೆ. ಇವತ್ತು ಮಾತ್ರ ನಾನು ಮತ್ತು ಎಂಟು ಕುರಿ.

ಮಳೆಯಲ್ಲಿ ತಲೆ ತಗ್ಗಿಸಿ ನಡೆಯುವಾಗ ಲಿಜ್ಜಿ ಹಾಕರ್ ನೆನಪಾದರು. ಸಮುದ್ರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್ ಸುತ್ತುವ ಯುಟಿಎಂಬಿ ಓಟವನ್ನು ಹೆಂಗಸರಲ್ಲಿ ಐದು ಸಲ ಗೆದ್ದಿದ್ದಾರೆ. 2011ರಲ್ಲಿ ವೇಲ್ಸ್‌ನ ಲ್ಯಾನ್‌ಡಿಡ್ನೋದಲ್ಲಿ 24 ಗಂಟೆಯಲ್ಲಿ 247 ಕಿಲೋಮೀಟರ್ ಓಡಿ, ಹೆಂಗಸರ ರಸ್ತೆ ಓಟದಲ್ಲಿ ಆಗಿನ ವಿಶ್ವದಾಖಲೆ ಬರೆದರು. ಲ್ಯಾಬಿನವರಿಗೆ ಉದ್ದ ಓಟ ಯಾಕೆ ಒಗ್ಗುತ್ತದೆ ಅಂತ ನನಗೆ ನನ್ನದೇ ಒಂದು ಊಹೆ ಇದೆ. ನಮಗೆ ಸೋಲು ಅಭ್ಯಾಸ. ಹತ್ತು ಪ್ರಯೋಗದಲ್ಲಿ ಎಂಟು ಕೆಡುತ್ತವೆ. ಕೆಟ್ಟ ಮೇಲೆ ಏನು ಮಾಡುತ್ತೇವೆ? ತಾಪಮಾನ ಬರೆದುಕೊಂಡು, ಟೀ ಕುಡಿದು, ಮತ್ತೆ ಶುರು ಮಾಡುತ್ತೇವೆ. ಮೂವತ್ತನೇ ಮೈಲಿಯಲ್ಲಿ ಹೊಟ್ಟೆ ಕೆಟ್ಟರೂ ಅಷ್ಟೇ ತಾನೆ. ಇದಕ್ಕೆ ಪುರಾವೆ ಕೇಳಬೇಡಿ, ಮಳೆಯಲ್ಲಿ ಹುಟ್ಟಿದ ಸಿದ್ಧಾಂತ.

ಎಡಗಾಲಿನ ಹೆಬ್ಬೆರಳ ಉಗುರು ಸಂಜೆಗೆ ಕಪ್ಪಾಗಿತ್ತು.

ಐದನೇ ದಿನ: ಗಾರ್‌ಗ್ರೇವ್ ದಾಟಿ ಮಾಲಮ್

ಬಿಸಿಲು. ಹಸಿರು ಹೊಲ, ಕಾಲುವೆ, ಹಸುಗಳು. ಮಧ್ಯಾಹ್ನ ಗಾರ್‌ಗ್ರೇವ್ ರೈಲ್ವೆ ಸ್ಟೇಷನ್ನಿಗೆ ನನ್ನ ಗೆಳತಿ ಬಂದಳು. ನಮ್ಮದೇ ಲ್ಯಾಬಿನವಳು, ಈಗ ಹೆರಿಗೆ ರಜೆಯಲ್ಲಿದ್ದಾಳೆ. ಮಗುವಿಗೆ ಎಂಟು ತಿಂಗಳು. ಹೆರಿಗೆಗೆ ಮುಂಚೆ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು. ಗಂಡನ ಕೈಗೆ ಮಗು ಕೊಟ್ಟು, ಒಂದು ರಾತ್ರಿ ಎರಡು ಹಗಲು ಅಂತ ಒಪ್ಪಂದ ಮಾಡಿಕೊಂಡು ಬಂದಿದ್ದಳು. ರೈಲಿನಿಂದ ಇಳಿದವಳೇ ಹತ್ತು ಹೆಜ್ಜೆಗೊಮ್ಮೆ ಫೋನ್ ನೋಡಿದಳು. ಏರ್ಟನ್ ಊರು ದಾಟುವಾಗ ಇಪ್ಪತ್ತು ಹೆಜ್ಜೆಗೊಮ್ಮೆ. ಮಾಲಮ್ ಬಂದಾಗ ಫೋನ್ ಚೀಲದೊಳಗೆ ಹೋಗಿತ್ತು. ಸಿಗ್ನಲ್ ಇರಲಿಲ್ಲ, ಅದಕ್ಕೆ.

ರಾತ್ರಿ ಅವಳು ಬಾತ್‌ರೂಮಿನಲ್ಲಿ ಪಂಪ್ ಮಾಡಿದಳು. ನಾನು ಸೂಜಿ ಕಾಯಿಸಿ ಉಗುರಿನ ಕೆಳಗಿನ ರಕ್ತ ಬಿಟ್ಟೆ. ಮಾತಾಡುವಷ್ಟು ಶಕ್ತಿ ಇಬ್ಬರಿಗೂ ಇರಲಿಲ್ಲ.

ಆರನೇ ದಿನ: ಪೆನಿಗೆಂಟ್ ಹತ್ತಿ ಹಾರ್ಟನ್‌ಗೆ

ಈ ಒಂದು ದಿನಕ್ಕಾಗಿಯಾದರೂ ಇಲ್ಲಿಗೆ ಬರಬೇಕು. ಮಾಲಮ್ ಕೋವ್ ಸುಮಾರು 80 ಮೀಟರ್ ಎತ್ತರದ ಬಿಳಿ ಸುಣ್ಣಕಲ್ಲಿನ ಗೋಡೆ, ಅರ್ಧಚಂದ್ರದ ಹಾಗೆ ಬಾಗಿದ್ದು. ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋದರೆ ನೆಲವೇ ಬಿರುಕುಬಿಟ್ಟ ಕಲ್ಲುಹಾಸು. ಸಾವಿರಾರು ವರ್ಷದ ಮಳೆ ಸುಣ್ಣಕಲ್ಲನ್ನು ಕರಗಿಸಿ ಸೀಳಿದೆ. ಬಿರುಕುಗಳ ಆಳದಲ್ಲಿ ಜರಿಗಿಡಗಳು ನೆರಳಿಗೆ ಅಡಗಿ ಕೂತಿವೆ. ಕಾಲು ಮುರಿದುಕೊಳ್ಳಲು ಹೇಳಿ ಮಾಡಿಸಿದ ಜಾಗ. ಓಟದಲ್ಲಿ ಇದನ್ನು ಜನ ರಾತ್ರಿ ದಾಟುತ್ತಾರೆ, ಕಲ್ಲಿನ ಮೇಲೆ ಹಿಮವಿದ್ದರೂ ದಾಟಬೇಕು.

ಫೌಂಟನ್ಸ್ ಫೆಲ್ ಏರುವಾಗ ಗೆಳತಿ ನಿಂತುಬಿಟ್ಟಳು. "ಈಗಲೇ ಬೇಕು" ಅಂದಳು. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಒಂದು ಕಲ್ಲುಗೋಡೆಯ ಪೂರ್ವದ ಬದಿಗೆ ಹೋಗಿ ಕೂತೆವು. ಸುಣ್ಣ ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಸಂದಿಗಳಿಂದ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಮಳೆಕೋಟು, ಉಣ್ಣೆ ಅಂಗಿ, ಅದರೊಳಗಿನದು, ಅದರೊಳಗಿನದು ಅಂತ ಒಂದೊಂದೇ ಪದರ ಬಿಚ್ಚಿದಳು. ಕೈಯಿಂದ ಒತ್ತುವ ಪುಟ್ಟ ಪಂಪ್, ಬ್ಯಾಟರಿ ಇಲ್ಲದ್ದು. ಬೆರಳು ಮರಗಟ್ಟಿ ಪಂಪಿನ ಹಿಡಿ ಜಾರುತ್ತಿತ್ತು. ಅವಳ ಬೆರಳುಗಳನ್ನು ನನ್ನ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಟ್ಟೆ. ಮೊದಲ ಐದು ನಿಮಿಷ ಏನೂ ಬರಲಿಲ್ಲ. ಚಳಿಗೆ, ಗಡಿಬಿಡಿಗೆ ಹಾಲು ಇಳಿಯುವುದಿಲ್ಲ. ಫೋನಿನಲ್ಲಿ ಮಗುವಿನ ನಗುವಿನ ರೆಕಾರ್ಡಿಂಗ್ ಹಾಕಿದಳು. ಆಗ ಶುರುವಾಯಿತು. ಟಸಕ್, ಟಸಕ್ ಅಂತ ಸದ್ದು. ಒಂದು ಕುರಿ ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡಿತು. ಅದರ ಮರಿ ಬಂದು ತಾಯಿಯ ಕೆಚ್ಚಲಿಗೆ ಎರಡು ಸಲ ಗುದ್ದಿ ಕುಡಿದು ಹೋಯಿತು. "ನೋಡು, ಎಷ್ಟು ಆರಾಮು ಅವಳಿಗೆ" ಅಂದಳು ಗೆಳತಿ.

ಇಪ್ಪತ್ತೆರಡು ನಿಮಿಷ. ನಾನು ಗಡಿಯಾರ ನೋಡುತ್ತಿದ್ದೆ, ಅಭ್ಯಾಸ. ಸಂಜೆಯವರೆಗೆ ತಣ್ಣಗಿಡಲು ಏನೂ ಇರಲಿಲ್ಲ. ಬಾಟಲಿಯನ್ನು ಹುಲ್ಲಿನ ಮೇಲೆ ಬಗ್ಗಿಸಿದಳು. ಬಿಳಿ ಹನಿಗಳು ಹುಲ್ಲಿನ ಎಳೆಗಳಲ್ಲಿ ಒಂದು ಕ್ಷಣ ನಿಂತು ಇಳಿದುಹೋದವು. ಆಮೇಲೆ ಅದೇ ಪದರಗಳನ್ನು ಒಂದೊಂದಾಗಿ ಹಾಕಿಕೊಂಡು, ಕಣ್ಣೊರೆಸಿಕೊಂಡು, ನನಗಿಂತ ಮುಂದೆ ಗುಡ್ಡ ಏರಿದಳು. ನಾನು ಅವಳನ್ನು ಹಿಡಿಯಲು ಓಡಬೇಕಾಯಿತು.

ಮೇಲೆ ಹೋದ ಮೇಲೆ ಅವಳೇ ಸೋಫಿ ಪವರ್ ಮಾತು ತೆಗೆದಳು. 2018ರ ಯುಟಿಎಂಬಿಯ ಆ ಫೋಟೋ ನೋಡಿದ್ದೀರಲ್ಲ, ಓಟದ ನಡುವೆ ಇಟಲಿಯ ಕೂರ್ಮಯೂರ್‌ನಲ್ಲಿ ಮೂರು ತಿಂಗಳ ಮಗುವಿಗೆ ಹಾಲು ಕುಡಿಸುತ್ತಾ ಕೂತಿರುವುದು. ಗಾಯ ಆದವರಿಗೆ ತಮ್ಮ ಜಾಗವನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳಲು ಆಗ ಅವಕಾಶ ಇತ್ತು. ಬಸುರಿಯರಿಗೆ ಇರಲಿಲ್ಲ. ಬಿಟ್ಟರೆ ಜಾಗ ಹೋಯಿತು. ಆಕೆ ಮುಂದೆ 2022ರಲ್ಲಿ ಷೀರೇಸಸ್ ಅನ್ನುವ ಸಂಸ್ಥೆ ಕಟ್ಟಿ, ಓಟ ನಡೆಸುವವರ ಹತ್ತಿರ ಇಂಥ ನಿಯಮ ಬದಲಾಯಿಸಿ ಅಂತ ಬೆನ್ನು ಬಿದ್ದರು. "ಅವರು ಅದ್ಭುತ ಅಂತ ಎಲ್ಲರೂ ಫೋಟೋ ಹಂಚಿಕೊಂಡರು. ಅವರು ಅಷ್ಟು ಕಷ್ಟಪಡಬೇಕಾಗಿ ಬಂದದ್ದು ಯಾಕೆ ಅಂತ ಎಷ್ಟು ಜನ ಕೇಳಿದರು?" ಅಂದಳು. ನಾನೂ ಆ ಫೋಟೋ ಹಂಚಿಕೊಂಡಿದ್ದೆ. ಕೇಳಿರಲಿಲ್ಲ.

ಪೆನಿಗೆಂಟ್ ಹತ್ತುವಾಗ ಕೊನೆಯಲ್ಲಿ ಕೈ ಹಾಕಿ ಏರಬೇಕು, 694 ಮೀಟರ್. ಈ ಬೆಟ್ಟವೂ ಸೇರಿದ ಥ್ರೀ ಪೀಕ್ಸ್ ಓಟ 1954ರಲ್ಲಿ ಶುರುವಾಯಿತು. ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1979ರಲ್ಲಿ. ಒಲಿಂಪಿಕ್ಸ್ ಕಥೆ ಇನ್ನೂ ಚೆನ್ನಾಗಿದೆ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಫೈನಲ್ ಓಡಿದವರೆಲ್ಲ ಓಟ ಮುಗಿಸಿದರು. ಪತ್ರಿಕೆಗಳು ಮಾತ್ರ ಪಾಪ ಹುಡುಗಿಯರು ಕುಸಿದುಬಿದ್ದರು ಅಂತ ಬರೆದವು. 1960ರವರೆಗೆ ಆ ಓಟವೇ ಇಲ್ಲ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಓಡಿ ಸುಸ್ತಾದ ಗಂಡಸು ಹುಲ್ಲಿನ ಮೇಲೆ ಬಿದ್ದರೆ ವೀರ.

ಹಾರ್ಟನ್ ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿದೆ. ಬಾಗಿಲು ಮುಚ್ಚುವ ಮೊದಲೇ ಫೋನ್ ಕಿವಿಗೆ ಹೋಗಿತ್ತು.

ಏಳನೇ ದಿನ, ಶನಿವಾರ: ಹಾಸ್

ಹದಿನಾಲ್ಕು ಮೈಲಿ. ಕ್ಯಾಮ್ ಹೈ ರೋಡ್ ಅನ್ನುವ ರೋಮನ್ನರ ಕಾಲದ ದಾರಿ, ಉದ್ದಕ್ಕೆ ಬೇಜಾರಿಗೆ. ದೂರದಲ್ಲಿ ರಿಬಲ್‌ಹೆಡ್ ಸೇತುವೆಯ 24 ಕಮಾನುಗಳು ಬೆಂಕಿಕಡ್ಡಿಯಲ್ಲಿ ಕಟ್ಟಿದ ಹಾಗೆ ಕಾಣುತ್ತಿದ್ದವು.

ಇಂಥ ದಾರಿಯಲ್ಲಿ ತಲೆಗೆ ಕೆಲಸ ಬೇಕು. ಬಾರ್ಕ್ಲಿ ನೆನಪಾಯಿತು. ಅಮೆರಿಕದ ಟೆನೆಸ್ಸಿಯ ಫ್ರೋಜನ್ ಹೆಡ್ ಕಾಡಿನಲ್ಲಿ ನಡೆಯುವ ಓಟ. ಐದು ಸುತ್ತು, ಒಟ್ಟು ಸುಮಾರು 100 ಮೈಲಿ, 60 ಗಂಟೆಯ ಗಡುವು. ದಾರಿಗೆ ಗುರುತಿಲ್ಲ, ಜಿಪಿಎಸ್ ಇಲ್ಲ. ಕಾಡಿನಲ್ಲಿ ಅಡಗಿಸಿಟ್ಟ ಪುಸ್ತಕಗಳಿಂದ ತಮ್ಮ ನಂಬರಿನ ಹಾಳೆ ಹರಿದು ತರಬೇಕು. ಜಾಸ್ಮಿನ್ 2022ರಲ್ಲಿ ಹೋದರು, ಆಗಲಿಲ್ಲ. 2023ರಲ್ಲಿ ಹೋದರು, ಆಗಲಿಲ್ಲ. 2024ರ ಮಾರ್ಚ್ 22ರಂದು 59 ಗಂಟೆ 58 ನಿಮಿಷ 21 ಸೆಕೆಂಡಿಗೆ, ಓಟ ಮುಗಿಯುವ ಜಾಗದ ಹಳದಿ ಗೇಟು ಮುಟ್ಟಿ ಅಲ್ಲೇ ಕುಸಿದರು. ಅದನ್ನು ಮುಗಿಸಿದ ಮೊದಲ ಹೆಂಗಸು. ಆಗ ಅವರು ಇಬ್ಬರು ಮಕ್ಕಳ ತಾಯಿ. ಉಳಿದದ್ದು 99 ಸೆಕೆಂಡ್. ಆಮೇಲೆ ಕೇಳಿದವರಿಗೆ, ಓಡಿದ್ದು ನನಗಾಗಿಯೇ ಅಂದರು. ಧೈರ್ಯ ಸಾಲದೆ ಹಿಂದೆ ನಿಂತ ಹೆಂಗಸರಿಗೆ, ಓಡುವವರಿಗೆ ಮಾತ್ರವಲ್ಲ ಯಾರಿಗೇ ಆದರೂ, ಇದರಿಂದ ಹುಮ್ಮಸ್ಸು ಬಂದರೆ ಖುಷಿ ಅಂತಲೂ ಹೇಳಿದರು. ಮೊದಲ ಮಾತು ನನಗೆ ಹೆಚ್ಚು ಹಿಡಿಸಿತು. ಹೆಂಗಸು ಏನು ಮಾಡಿದರೂ ಇನ್ಯಾರಿಗಾಗಿಯೋ ಮಾಡಿದೆ ಅನ್ನಬೇಕು ಅಂತ ನಮಗೊಂದು ಅಭ್ಯಾಸ.

99 ಸೆಕೆಂಡ್ ಅಂದರೆ ಎಷ್ಟು ದೂರ? ಪ್ರಯೋಗ ಮಾಡಿ ನೋಡುವ ಬುದ್ಧಿ ಬಂತು. ರೋಮನ್ ರಸ್ತೆಯ ಮೇಲೆ, ಬೆನ್ನಿಗೆ ಚೀಲ, ಕಪ್ಪು ಉಗುರು, ಗಡಿಯಾರ ಒತ್ತಿ ಓಡಿದೆ. ಚೀಲದೊಳಗೆ ಪಾತ್ರೆ ಗಣಗಣ ಅಂತು. 99 ಆದಾಗ ನಿಂತು ನೋಡಿದರೆ 260 ಮೀಟರ್. ಗೇಟು ಅದಕ್ಕಿಂತ ಆಚೆ ಇದ್ದಿದ್ದರೆ ನಾನು ಇಲ್ಲ. ಎದುರಿಗೆ ಬರುತ್ತಿದ್ದ ಸೈಕಲ್ಲಿನವನು, ಏನಾದರೂ ಅಟ್ಟಿಸಿಕೊಂಡು ಬಂತಾ ಅಂತ ನನ್ನ ಹಿಂದೆ ನೋಡಿದ.

ಗೇಲ್ ಹಳ್ಳಿ ದಾಟಿ, ಹೊಲದ ನಡುವಿನ ಚಪ್ಪಡಿ ದಾರಿ ಹಿಡಿದು ಹಾಸ್ ಸೇರಿದಾಗ ಸಂಜೆ 4:40. ಗಡಿಯಾರ ಒತ್ತಿ ನಿಲ್ಲಿಸಿದೆ. 152 ಗಂಟೆ 40 ನಿಮಿಷ. ಓಟದ ಲೆಕ್ಕದಲ್ಲಿ ನನಗೆ ಇನ್ನೂ 15 ಗಂಟೆ 20 ನಿಮಿಷ ಉಳಿದಿತ್ತು, 160 ಮೈಲಿಯೂ ಉಳಿದಿತ್ತು.

ಈ ಊರಿನ ವೆನ್ಸ್‌ಲಿಡೇಲ್ ಚೀಸ್ ಹೆಸರುವಾಸಿ. ಒಂದು ತುಂಡು ಕೊಂಡು ಬೆಂಚಿನ ಮೇಲೆ ಕೂತು ಶೂ ಬಿಚ್ಚಿದೆ. ಅಲ್ಲೇ ಇಬ್ಬರು ಹುಡುಗಿಯರು ಕೂತು ಕಾಲಿಗೆ ಟೇಪ್ ಸುತ್ತಿಕೊಳ್ಳುತ್ತಿದ್ದರು. ನಾಳೆ ಗ್ರೇಟ್ ಷನ್ನರ್ ಫೆಲ್ ಏರಿ ಟ್ಯಾನ್ ಹಿಲ್‌ವರೆಗೆ ಹೋಗುತ್ತಾರಂತೆ.

"ನೀವೂ ನಾಳೆ ಆ ಕಡೆಗೇನಾ?" ಅಂತ ಕೇಳಿದಳು ಒಬ್ಬಳು.

"ಇಲ್ಲ. ಸೋಮವಾರ ಬೆಳಿಗ್ಗೆ ನನ್ನ ಕೋಶಗಳಿಗೆ ಊಟ ಹಾಕಬೇಕು" ಅಂದೆ.

ಅವಳು ಅದನ್ನು ಕೋಳಿಗಳು ಅಂತ ಕೇಳಿಸಿಕೊಂಡಳೋ ಏನೋ, ಎಷ್ಟು ಸಾಕಿದ್ದೀರಿ ಅಂತ ಕೇಳಿದಳು. ಸುಮಾರು ನಾಲ್ಕು ಕೋಟಿ ಅಂದೆ.